ಸೇಬಿಗೆ ಕುಲಾಯಿ

ನೀಲಕ್ಕನಿಗೆ ಹುಳ ಕಂಡರೆ ಹೇಸಿಗೆಯಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಕೂತು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೇ ಇಪ್ಪತ್ತು ವರ್ಷ ಕಳೆದವಳು. ಎಂಟು ಧಾರವಾಡದಲ್ಲಿ, ಹನ್ನೆರಡು ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ. 2004ರಲ್ಲಿ ಗಂಡ ವೀರೇಂದ್ರನ ಕೆಲಸ ಮೆಲ್ಬರ್ನ್‌ಗೆ ಬದಲಾಯಿತು. ರಿಂಗ್‌ವುಡ್ ಎಂಬ ಸಬರ್ಬಿನಲ್ಲಿ ಮನೆ ಕೊಂಡರು. ಮನೆ ನೋಡಲು ಹೋದ ದಿನ ವೀರೇಂದ್ರ ಗೋಡೆ ತಟ್ಟಿ ನೋಡಿದ, ನೀಲಕ್ಕ ಹಿತ್ತಲಿನ ಮೂರು ಹಳೆಯ ಸೇಬಿನ ಮರ ನೋಡಿದಳು. ಜೊತೆಗೆ ಹೋಗಿದ್ದ ಸ್ನೇಹಿತ ನಾನು, ಹಸಿವಾಗಿ ಗಡಿಯಾರ ನೋಡಿದೆ.

ಮೊದಲ ಫೆಬ್ರವರಿಯಲ್ಲಿ ಹಣ್ಣು ಕೊಯ್ದಾಗ ಒಂದೂ ನೆಟ್ಟಗಿರಲಿಲ್ಲ. ಹೋಳು ಮಾಡಿದರೆ ಒಳಗೆ ಕಂದು ಹಿಕ್ಕೆ, ನಡುವೆ ಗುಲಾಬಿ ಬಣ್ಣದ ಹುಳ. ಮಗಳು ಪ್ರಾರ್ಥನಾ "ಯಕ್, ಅಮ್ಮಾ!" ಎಂದು ಓಡಿದಳು. ವೀರೇಂದ್ರನಿಗೆ ಇದೇ ಬೇಕಿತ್ತು.

"ಈ ಮರ ತೆಗಸಿ ಗ್ಯಾರೇಜ್ ಕಟ್ಟಸೂಣು. ಹುಳಕ್ಕ ಯಾಕ ಜಾಗಾ ಕೊಡಬೇಕು?"

"ಎರಡು ವರ್ಷ ಕೊಡ್ರಿ," ಎಂದಳು ನೀಲಕ್ಕ. "ಆಮ್ಯಾಲೂ ಹುಳಾ ಬಿದ್ರ ಕಡಸ್ರಿ. ನಾ ಒಂದ್ ಮಾತ್ ಆಡಂಗಿಲ್ಲ."

ಒಳ್ಳೆಯವನಾಗಲು ಹೋಗಿ ನಾನು ಬಾಯಿ ಹಾಕಿದೆ. "ಒಂದು ಸ್ಪ್ರೇ ಹೊಡೀರಿ ನೀಲಕ್ಕ, ಅರ್ಧ ಗಂಟೆ ಕೆಲಸ."

ಅವಳು ನನ್ನನ್ನು ದಡ್ಡ ವಿದ್ಯಾರ್ಥಿಯನ್ನು ನೋಡುವ ಹಾಗೆ ನೋಡಿದಳು. "ಹೊಡದ್ರ ಹುಳಾ ಸಾಯ್ತದ. ಅದು ಯಾವಾಗ ಬಂತು, ಎಲ್ಲಿಂದ ಒಳಗ ಹೋತು, ಹ್ಯಾಂಗ ತಿಳೀತದ?"

ಅಲ್ಲಿಂದ ಶುರುವಾಯಿತು ಅವಳ ಹುಚ್ಚು. ಕಾಡ್ಲಿಂಗ್ ಎಂಬ ಬೂದು ಪತಂಗ ಸಂಜೆ ಬಂದು ಎಲೆಯ ಮೇಲೋ ಕಾಯಿಯ ಮೇಲೋ ಮೊಟ್ಟೆ ಇಡುತ್ತದೆ, ಮರಿಹುಳ ಕಾಯಿ ಕೊರೆದು ಬೀಜಕ್ಕೆ ಬಾಯಿ ಹಾಕುತ್ತದೆ, ಹೊಟ್ಟೆ ತುಂಬಿದ ಮೇಲೆ ಕೆಳಗಿಳಿದು ತೊಗಟೆಯ ಸಂದಿಯಲ್ಲಿ ಗೂಡು ಕಟ್ಟುತ್ತದೆ. ಇಷ್ಟು ತಿಳಿದುಕೊಂಡು ಕಾಂಡಕ್ಕೆ ಸುಕ್ಕು ರಟ್ಟು ಸುತ್ತಿದಳು. ಅಡಗಲು ಬಂದ ಹುಳಗಳನ್ನು ವಾರಕ್ಕೊಮ್ಮೆ ರಟ್ಟು ಬಿಚ್ಚಿ ಸೋಪಿನ ನೀರಿಗೆ ಹಾಕುತ್ತಿದ್ದಳು, ಒಂದೆರಡನ್ನು ಮಾತ್ರ ಉಪ್ಪಿನಕಾಯಿ ಬಾಟಲಿಯಲ್ಲಿಟ್ಟು ಸಾಕುತ್ತಿದ್ದಳು. ಆ ಮನೆಯಲ್ಲಿ ನಾನು ಬಾಟಲಿ ನೋಡದೆ ಉಪ್ಪಿನಕಾಯಿ ಬಡಿಸಿಕೊಂಡದ್ದಿಲ್ಲ.

ಪಕ್ಕದ ಮನೆಯ ಬ್ರೂನೋ ಇಟಲಿಯ ಮುದುಕ, ತೋಟ ಬಲ್ಲವನು. ಬೇಸಿಗೆ ಬರುವ ಮುಂಚೆ ಒಂದೊಂದು ಕಾಯಿಗೂ ಚೀಲ ಕಟ್ಟು ಎಂದು ಅವನೇ ಹೇಳಿಕೊಟ್ಟ. ನೀಲಕ್ಕ ಹಳೆಯ ಬೆಡ್‌ಶೀಟ್ ಕತ್ತರಿಸಿ ನೂರಾರು ಪುಟ್ಟ ಚೀಲ ಹೊಲಿದಳು. ಕೊರಳಿಗೆ ದಾರ ಇದ್ದ ಅವು ಥೇಟ್ ಧಾರವಾಡದ ಕಡೆ ಕೂಸಿನ ತಲೆಗೆ ಕಟ್ಟುವ ಕುಲಾಯಿ. ಹೊಲಿದು ಬುಟ್ಟಿಯಲ್ಲಿಟ್ಟು ಬೇಸಿಗೆಗೆ ಕಾದಳು.

ಡಿಸೆಂಬರ್ ಬಂತು. ಮೆಲ್ಬರ್ನ್‌ನ ಹವೆ ಗೊತ್ತಲ್ಲ, ಒಂದು ದಿನ ಸುಟ್ಟರೆ ಮೂರು ದಿನ ಸ್ವೆಟರ್. "ಬ್ಯಾಸಗಿ ಎಲ್ಲಿ ಬಂದದ? ಸೆಖಿನ ಆಗವಲ್ದು," ಎನ್ನುತ್ತಿದ್ದಳು. ಕೊನೆಗೆ ಜನವರಿಯಲ್ಲಿ ಬೆವರು ಇಳಿಯಿತು. ಆಗ ಏಣಿ ಹತ್ತಿ ಅಷ್ಟೂ ಕಾಯಿಗೆ ಕುಲಾಯಿ ಕಟ್ಟಿದಳು.

ಫೆಬ್ರವರಿಯ ಕೊನೆಯಲ್ಲಿ ಬಿಚ್ಚಿದರೆ ಒಳಗೆಲ್ಲ ಹುಳ.

"ಹುಳಕ್ಕ ಕುಲಾಯಿ ಹೊಲದಂಗಾತು," ಎಂದು ವೀರೇಂದ್ರ ಹೊಟ್ಟೆ ಹಿಡಿದು ನಕ್ಕ. ನಾನೂ ನಕ್ಕೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ನೀಲಕ್ಕ ಅಳಲಿಲ್ಲ. ಒಂದೊಂದೇ ಚೀಲವನ್ನು ಬೆಳಕಿಗೆ ಹಿಡಿದು ನೋಡಿದಳು.

"ಚೀಲದ ಅರಿವಿಗೆ ತೂತಿಲ್ಲ. ಕಾಯಿಗೆ ತೂತದ. ಅಂದ್ರ ನಾ ಕಟ್ಟೂಕಿಂತ ಮೊದಲ ಒಳಗ ಹೋಗ್ಯದ."

ಬೇಲಿಯ ಬಳಿ ಹೋಗಿ ಬ್ರೂನೋನನ್ನು ಕೇಳಿದಳು, ಇಲ್ಲಿ ಬೇಸಿಗೆ ಯಾವಾಗ ಬರುತ್ತದೆ ಎಂದು. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಡಿಸೆಂಬರ್ ಫಸ್ಟ್," ಎಂದ. ಈ ದೇಶದಲ್ಲಿ ಬೇಸಿಗೆ ಬೆವರು ನೋಡಿ ಬರುವುದಿಲ್ಲ, ತಾರೀಖು ನೋಡಿ ಬರುತ್ತದೆ. ಸಿಡ್ನಿಯಲ್ಲಿ ಹನ್ನೆರಡು ವರ್ಷ ಲ್ಯಾಬಿನೊಳಗೇ ಕಳೆದವಳಿಗೆ ಇದು ಹೊಸದು. ಇದು ತಿಳಿದ ಖುಷಿಯಲ್ಲಿ ನೀಲಕ್ಕ ಹಣ್ಣು ಹೋದ ದುಃಖವನ್ನೇ ಮರೆತಳು.

ಉಳಿದದ್ದು ಒಂದೇ ವರ್ಷ. ಮಳೆಗೆ ಹಳೆಯ ಕುಲಾಯಿ ಲಡ್ಡಾಗಿದ್ದವು, ಬೇರೆ ಬಟ್ಟೆ ಬೇಕಿತ್ತು. ನವೆಂಬರಿನ ಮೊದಲ ವಾರ, ಕಾಯಿ ನೆಲ್ಲಿಕಾಯಿ ಗಾತ್ರವಿದ್ದಾಗ ನಾನು ಹೋದೆ. ಅವಳು ಏಣಿಯ ಮೇಲಿದ್ದಳು. ಕುಲಾಯಿಯ ಬಟ್ಟೆ ತೆಳ್ಳಗೆ, ಬೆಳ್ಳಗೆ, ಕೆಲವಕ್ಕೆ ಕೆಂಪಂಚು ಬೇರೆ. ಈ ಬಟ್ಟೆ ಎಲ್ಲಿಯದು ಎಂದದ್ದಕ್ಕೆ ನನ್ನ ಬಾಯಿ ಮುಚ್ಚಿಸಲು ಎರಡು ಹೋಳಿಗೆ ಕೊಟ್ಟಳು. ಎರಡು ಮರಕ್ಕೆ ಕಟ್ಟಿ ಮೂರನೆಯದನ್ನು ಬೇಕೆಂತಲೇ ಬರಿದಾಗಿ ಬಿಟ್ಟಳು.

"ಯಾಕೆ ಹಾಗೇ ಬಿಟ್ರಿ?" ಎಂದೆ.

"ಈ ವರ್ಷ ಪತಂಗನ ಬರ್ಲಿಲ್ಲ ಅಂದ್ರ? ಕುಲಾಯಿಂದ ಉಳೀತೋ ಸುಮ್ನ ಉಳೀತೋ, ಹ್ಯಾಂಗ ತಿಳೀತದ?"

ಮರವೇ ಹೋಗುವ ಹೊತ್ತಿನಲ್ಲೂ ಇವಳಿಗೆ ತಿಳಿಯುವ ಚಿಂತೆ. ನನಗೆ ಸಿಟ್ಟೇ ಬಂತು.

2007ರ ಫೆಬ್ರವರಿಯ ಒಂದು ಭಾನುವಾರ ವೀರೇಂದ್ರ ಚಾಕು ಹಿಡಿದು ಹಿತ್ತಲಿಗೆ ಬಂದ. ಮರ ಕಡಿಯುವವನ ನಂಬರು ಜೇಬಿನಲ್ಲಿತ್ತು. ಕುಲಾಯಿ ಬಿಚ್ಚಿ ಮೊದಲ ಹಣ್ಣು ಹೋಳು ಮಾಡಿದ. ಬಿಳಿ. ಎರಡನೆಯದು, ಐದನೆಯದು, ಹತ್ತನೆಯದು, ಎಲ್ಲ ಬಿಳಿ. ಹನ್ನೊಂದನೆಯದರಲ್ಲಿ ಹುಳ ಸಿಕ್ಕಿತು. ಅದರ ಕುಲಾಯಿಯ ಹೊಲಿಗೆ ಬಿಟ್ಟಿತ್ತು. ಮೂರನೆಯ ಮರದ ನಾಲ್ಕು ಹಣ್ಣು ಕೊಯ್ದರೆ ನಾಲ್ಕರಲ್ಲೂ ಹುಳ. ಪ್ರಾರ್ಥನಾ ಬಾಯಿ ತುಂಬ ಸೇಬು ತುಂಬಿಕೊಂಡೇ "ದಟ್ಸ್ ದಿ ಕಂಟ್ರೋಲ್, ಅಪ್ಪಾ!" ಎಂದು ಕುಣಿದಳು; ಹೋಲಿಸಿ ನೋಡಲೆಂದು ಹಾಗೇ ಬಿಟ್ಟದ್ದಕ್ಕೆ ಅವಳು ಶಾಲೆಯಲ್ಲಿ ಕಲಿತ ಹೆಸರು ಅದು.

ವೀರೇಂದ್ರ ನಗಲಿಲ್ಲ. ಕೈಯಲ್ಲಿದ್ದ ಕುಲಾಯಿಯ ಕೆಂಪಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದ.

"ಇದು ನನ್ನ ಮದವಿ ಧೋತ್ರ ಅಲ್ಲೇನ?"

"ಹೌದ್ರಿ," ಎಂದಳು ನೀಲಕ್ಕ. ಅವಳ ಮುಖ ಬಿಳಿಚಿಕೊಂಡಿದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಅವನು ಒಳಗೆ ಹೋದ. ಮುಗಿಯಿತು, ಫೋನ್ ಮಾಡುತ್ತಾನೆ ಎಂದುಕೊಂಡೆವು. ಬೀರು ತೆಗೆದ ಸದ್ದಾಯಿತು. ಹೊರಗೆ ಬಂದಾಗ ಅವನ ಕೈಯಲ್ಲಿ ಅದೇ ಕೆಂಪಂಚಿನ ಶಲ್ಯ ಇತ್ತು.

"ಧೋತ್ರದ ಜೋಡಿ ಇದು. ಅದೊಂದ್ ಹೋದ ಮ್ಯಾಲೆ ಇದೊಂದ್ ಇಟ್ಕೊಂಡು ಏನ್ ಮಾಡ್ಲಿ? ಆ ಮೂರನೇ ಮರಕ್ಕೂ ಹೊಲಿ."

ನೀಲಕ್ಕನ ಕಣ್ಣು ತುಂಬಿದವು. ಶಲ್ಯ ತೆಗೆದುಕೊಂಡು, ಕೊಡವಿ, ಮಡಚಿ, ಅವನ ಹೆಗಲ ಮೇಲೆ ಹಾಕಿದಳು.

"ಮೂರನೇದ್ದು ಹಂಗ ಇರ್ಲಿರಿ," ಎಂದಳು. "ಇಲ್ಲಾಂದ್ರ ಮುಂದಿನ ವರ್ಷ ಹ್ಯಾಂಗ ತಿಳೀತದ?"