ನನ್ನ ಬಾಯಲ್ಲಿ ಒಡೆದ ಮೀಟರ್

ಔರಾದದ ಖಾಸಗಿ ಹಾಲಿನ ಕೇಂದ್ರದಲ್ಲಿ ಕ್ಯಾನುಗಳಿಗೆ ಚೀಟಿ ಅಂಟಿಸುವುದು ನನ್ನ ಕೆಲಸವಾಗಿತ್ತು. ಸಂಬಳ ಬರುತ್ತಿದ್ದುದು ಅದಕ್ಕೆ. ಮನಸ್ಸಿಟ್ಟು ಮಾಡುತ್ತಿದ್ದುದು ಮಾತ್ರ ಮಂದಿಯ ನಕಲು. ಭಾಲ್ಕಿಯಿಂದ ಬರುವ ಮೇಲ್ವಿಚಾರಕರು ಬಾಯಿತುಂಬ ಪಾನ್ ಇಟ್ಟುಕೊಂಡು ಬೈಯುವುದು, ಟ್ಯಾಂಕರ್ ಚಾಲಕ ಮರಾಠಿಯಲ್ಲಿ ಶುರು ಮಾಡಿದ ಜಗಳವನ್ನು ಕನ್ನಡದಲ್ಲಿ ಮುಗಿಸುವುದು, ಹೆಣ್ಣು ನೋಡಲು ಹೋದ ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಬೆವತದ್ದು, ಎಲ್ಲವೂ ಚಹಾದ ಹೊತ್ತಿಗೆ ತಯಾರಿರುತ್ತಿತ್ತು.

ಹಾಲು ಪರೀಕ್ಷೆ ಮಾಡುತ್ತಿದ್ದವರು ಎಕಂಬಾದ ಕಾಕಾ. ಹಾಲಿಗೆ ನೀರು ಬೆರೆತಿದೆಯೇ ಎಂದು ತಿಳಿಸುವ ಗಾಜಿನ ಮೀಟರನ್ನು ಹಾಲಿಗಿಳಿಸಿ, ಅದು ಅಲುಗಾಡದೆ ನಿಲ್ಲುವ ತನಕ ಉಸಿರು ಹಿಡಿದಿದ್ದು, ಆಮೇಲೆ ಅಂಕಿ ಹೇಳುವರು. ಆ ಉಸಿರಿನ ನಕಲೂ ನನ್ನ ಬಳಿ ಇತ್ತು.

ಒಂದು ಬೆಳಿಗ್ಗೆ ಟ್ಯಾಂಕರ್ ತಡವಾಗಿ ಬಂತು. ಇನ್ನೂ ನಾಲ್ಕು ಕ್ಯಾನುಗಳ ಪರೀಕ್ಷೆ ಉಳಿದಿತ್ತು. ಮೇಲ್ವಿಚಾರಕರು, “ಇವನ್ನ ನೋಡೂದು ಬ್ಯಾಡ, ಸಹಿ ಹಾಕ್ರಿ,” ಎಂದರು.

“ನೋಡ್ಲಾರ್ದ ಹ್ಯಾಂಗ ಹಾಕ್ಲಿರಿ ಸಾಹೇಬ್ರ? ನನ್ ಕೈಲಿ ಆಗಂಗಿಲ್ಲ,” ಎಂದು ಕಾಕಾ ಮೀಟರನ್ನು ಒರೆಸಿ, ಅದರ ಡಬ್ಬಿಯಲ್ಲಿಟ್ಟು, ಹೊರಗೆ ನಡೆದರು. ಬಾಗಿಲಲ್ಲಿ ನಿಂತಿದ್ದ ನಾನು ಕಂಡದ್ದು ಇಷ್ಟೇ. ಕ್ಯಾನು ಹೊರುವ ಹಮಾಲರಿಬ್ಬರು ಟ್ಯಾಂಕರಿನ ಆಚೆ ಇದ್ದರು. ಅವರು ಅಷ್ಟನ್ನೂ ಕಂಡಿರಲಿಲ್ಲ.

ಇಷ್ಟಕ್ಕೆ ಯಾರು ನಗುತ್ತಾರೆ? ಹಾಗಾಗಿ ಚಹಾದ ಹೊತ್ತಿಗೆ ನನ್ನ ನಕಲಿನ ಕಾಕಾ ಮೀಟರನ್ನು ತಲೆಯ ಮೇಲೆತ್ತಿ ಮೇಲ್ವಿಚಾರಕರ ಕಾಲ ಬುಡಕ್ಕೆ ಎಸೆದರು. ನಾಲಿಗೆ, ಗಲ್ಲ ಎರಡನ್ನೂ ಕೂಡಿಸಿ ‘ಫಳ್’ ಎಂದು ಗಾಜು ಒಡೆಸಿದೆ. ಒಬ್ಬ ಹಮಾಲನ ಮೂಗಿನಿಂದ ಚಹಾ ಬಂತು. ವಾರವಿಡೀ, “ಆ ಫಳ್ ಒಮ್ಮಿ ಮಾಡಪಾ,” ಎಂಬ ಬೇಡಿಕೆ.

ಅಷ್ಟರಲ್ಲಿ ಮೇಲ್ವಿಚಾರಕರು, ಕಾಕಾ ಉದ್ಧಟತನ ತೋರಿದರೆಂದು ದೂರು ಬರೆದಿದ್ದರು. ವಿಚಾರಣೆಗೆ ಬೀದರದ ಮುಖ್ಯ ಕಚೇರಿಯಿಂದ ಒಬ್ಬ ಸಾಹೇಬರು ಬಂದರು. ಮಧ್ಯಾಹ್ನದ ಊಟಕ್ಕೆ ಬೀದರದ ಮೈಲೂರು ಬಡಾವಣೆಯ ಮನೆ ಮುಟ್ಟಬೇಕೆಂಬ ಅವಸರ, ಅವರು ಗಡಿಯಾರ ನೋಡುವುದರಲ್ಲೇ ಕಾಣುತ್ತಿತ್ತು. ದೂರು ಕೊಟ್ಟವರನ್ನೂ ಸಾಕ್ಷಿಗಳನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಚಹಾ ತರಿಸಿದರು. ಕಾಕಾ ಮಾತ್ರ ಹೊರಗೆ ಬೆಂಚಿನ ಮೇಲೆ.

“ಏನ್ ನಡೀತು, ಹೇಳಪಾ,” ಎಂದು ಮೊದಲು ನನ್ನನ್ನೇ ಕೇಳಿದರು.

ನಾನು ಹೇಳಲಿಲ್ಲ, ಮಾಡಿ ತೋರಿಸಿದೆ. ಎದುರಿಗೆ ಅಷ್ಟು ಮಂದಿ, ಕೈಯಲ್ಲಿ ಚಹಾ. ನನಗೆ ಮತ್ತೇನು ಬೇಕು? ಉಸಿರು ಹಿಡಿದೆ, ಕೈ ಎತ್ತಿದೆ, ‘ಫಳ್’ ಎಂದೆ. ಸಾಹೇಬರೂ ನಕ್ಕರು.

ಆಗ ಬಾಗಿಲು ತೆರೆಯಿತು. ಕಾಕಾ ಗಾಬರಿಯಿಂದ ಇಣುಕಿ, “ಮೀಟರ್ ಒಡೀತೇನ್ರಿ?” ಎಂದರು.

ಕೋಣೆ ಇನ್ನೂ ಜೋರಾಗಿ ನಕ್ಕಿತು. ಮೀಟರ್ ಒಡೆದವನು ಹಾಗೆ ಓಡಿ ಬಂದು ಕೇಳುತ್ತಾನೆಯೇ ಎಂದು ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆಯಿತು. ನಗು ನಿಲ್ಲಲಿ, ಹೇಳೋಣ ಎಂದುಕೊಂಡೆ. ನಗು ನಿಲ್ಲುವಷ್ಟರಲ್ಲಿ ಸಾಹೇಬರು ಬರೆದು ಮುಗಿಸಿದ್ದರು. ಹಮಾಲರನ್ನು ಕೇಳಿದಾಗ, “ಹೌದ್ರಿ, ಸಪ್ಪಳ ಕೇಳಸ್ತು,” ಎಂದರು. ಕೇಳಿಸಿದ್ದೇನೋ ನಿಜ, ವಾರವಿಡೀ ನನ್ನ ಬಾಯಿಂದಲೇ ಕೇಳಿದ್ದರು. ಮೇಲ್ವಿಚಾರಕರು ಒಮ್ಮೆ ನನ್ನ ಮುಖ ನೋಡಿದರು. ಇಲ್ಲ ಎನ್ನಲಿಲ್ಲ.

ಕೊನೆಗೆ ಕಾಕಾನನ್ನು ಒಳಗೆ ಕರೆದರು. “ಒಡದಿಲ್ರಿ. ಡಬ್ಬ್ಯಾಗ ಅದ, ನೋಡ್ರಿ,” ಎಂದರು ಕಾಕಾ.

“ಇಷ್ಟ್ ಮಂದಿ ಸುಳ್ಳ ಹೇಳ್ತಾರೇನ್ರಿ?” ಎಂದರು ಸಾಹೇಬರು.

ಡಬ್ಬಿ ಪಕ್ಕದ ಕೋಣೆಯಲ್ಲಿತ್ತು. ಯಾರೂ ಏಳಲಿಲ್ಲ. ನನ್ನ ಹೇಳಿಕೆಯ ಕೆಳಗೆ ನಾನು ಓದದೆಯೇ ಸಹಿ ಹಾಕಿದೆ. ನಾಲ್ಕು ಕ್ಯಾನು ನೋಡದೆ ಸಹಿ ಹಾಕಲಾರೆ ಎಂದ ಮನುಷ್ಯನ ಎದುರಿಗೇ ಹಾಕಿದೆ. ಹದಿನೈದು ದಿನದಲ್ಲಿ ಕಾಕಾನನ್ನು ಕೆಲಸದಿಂದ ತೆಗೆದ ಪತ್ರ ಬಂತು. ಮರುದಿನ ಡಬ್ಬಿ ತೆರೆದೆ. ಮೀಟರಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಅದನ್ನು ಅಂಗಿಯಲ್ಲಿ ಸುತ್ತಿಕೊಂಡು ಬೀದರದ ಬಸ್ಸು ಹತ್ತಿದೆ. ಸಾಹೇಬರು ಮೀಟರನ್ನು ತಿರುಗಿಸಿ ನೋಡಿ ಒಂದು ಬಿಳಿ ಹಾಳೆ ಮುಂದಿಟ್ಟರು. “ನಾ ಸುಳ್ಳ ಹೇಳೀನಿ ಅಂತ ಬರ್ದು ಕೊಡು. ಆಮ್ಯಾಲ ನಿನ್ ಮ್ಯಾಲೂ ವಿಚಾರಣಾ ಆಗ್ತದ. ನಡೀತದಲ್ಲ?”

ಊರ ಮಂದಿಯ ದನಿಯೆಲ್ಲ ತೆಗೆಯಬಲ್ಲ ನನಗೆ ಅಂದು ನನ್ನ ದನಿಯೊಂದೇ ಉಳಿದಿತ್ತು. ಅದು ಬಹಳ ಸಣ್ಣದು. “ಮನಿಗಿ ಹೋಗಿ ಬರೀತೇನ್ರಿ,” ಎಂದೆ. ಆ ಹಾಳೆ ಈಗಲೂ ಟ್ರಂಕಿನಲ್ಲಿದೆ, ನಾಲ್ಕು ಮಡಿಕೆಯಾಗಿ, ಅಷ್ಟೇ ಬಿಳಿಯಾಗಿ.

ಕಾಕಾನ ಕುರ್ಚಿಯಲ್ಲಿ ಈಗ ನಾನು. ಎರಡು ಎಮ್ಮೆ ಕಟ್ಟಿಕೊಂಡು ಅವರು ದಿನಾ ಎಕಂಬಾದಿಂದ ಹಾಲು ತಂದು ಸಾಲಿನಲ್ಲಿ ನಿಲ್ಲುತ್ತಾರೆ. ನಾನು ಮೀಟರ್ ಇಳಿಸುತ್ತೇನೆ. ಉಸಿರು ತಾನಾಗಿ ನಿಲ್ಲುತ್ತದೆ; ಅದೀಗ ನಕಲಲ್ಲ, ಹಾಗೆ ಮಾಡದಿದ್ದರೆ ಅಂಕಿ ಸರಿಯಾಗಿ ಸಿಗುವುದಿಲ್ಲ.

ಮೊನ್ನೆ ತಲೆ ಎತ್ತದೆಯೇ ಹೇಳಿದೆ, “ಕಾಕಾ, ನಾ ಬೀದರಕ್ಕ ಹೋಗಿ ಖರೇ ಏನದ ಬರ್ದು ಕೊಡ್ತೇನಿ.”

“ಹೋದ ವರ್ಷನೂ ಹಿಂಗೇ ಅಂದಿದ್ದಿ,” ಎಂದರು ಕಾಕಾ. “ಮೀಟರ್ ನಿಂತದ. ಅಂಕಿ ಹೇಳು, ಹಿಂದ ಮಂದಿ ಅದಾರ.”

ಹೇಳಿದೆ. ಕಾಕಾ ಬಗ್ಗಿ ಮೀಟರನ್ನು ತಾವೂ ಒಮ್ಮೆ ನೋಡಿಕೊಂಡು, ಖಾಲಿ ಕ್ಯಾನು ಎತ್ತಿಕೊಂಡು ಹೋದರು.