ಗುರಾಣಿಗೆ ಮೂರು ಏಟು

ಕಡೂರು ಬಸ್ ಸ್ಟ್ಯಾಂಡಿನ ಪಕ್ಕ ತೆಂಗಿನಕಾಯಿ ಮಾರುವ ತೀರ್ಥಮ್ಮನದು ಮೂವತ್ತು ವರ್ಷಗಳಿಂದ ಒಂದೇ ಜಗಳ. ಗಿರಾಕಿಗಳು ಹತ್ತು ಕಾಯಿಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಲ್ಲಿ ಬಡಿದು, ಒಂದನ್ನೂ ಕೊಳ್ಳದೆ ಹೊರಟರೆ ಆಕೆ ಸುಮ್ಮನಿರುವವಳಲ್ಲ.

"ತಗಳಂಗಿದ್ರೆ ಮುಟ್ರಿ, ಇಲ್ದಿದ್ರೆ ಬಸ್ ನೋಡ್ಕಳ್ರಿ!"

ವ್ಯಾಪಾರವಿಲ್ಲದ ಮಧ್ಯಾಹ್ನಗಳಲ್ಲಿ ಆಕೆ 'ರಣಚಂಡಿ' ಎಂದು ಹೆಸರಿಟ್ಟುಕೊಂಡು ಮೊಬೈಲಿನಲ್ಲಿ ಯುದ್ಧದಾಟ ಆಡುತ್ತಾಳೆ. ಊರೂರಿನವರು ಕೂಡಿ ಆಡುವ ಆ ಆಟದಲ್ಲಿ ಒಂದು ಸಂತೆಯೂ ಇದೆ. ಅಲ್ಲಿ ಯಾರಿಂದಲೋ ಕೊಂಡ ಕತ್ತಿ ಮೊದಲ ಏಟಿಗೇ ಮುರಿದಾಗ ಆಕೆಯ ಪಿತ್ತ ನೆತ್ತಿಗೇರಿತು. ಆಟ ತಯಾರಿಸಿದ ಕಂಪನಿಗೆ ಬರೆದೇಬಿಟ್ಟಳು: "ಬಡಿದು ನೋಡ್ದೆ ಯಾರೂ ಕಾಯಿನೂ ತಗಳಲ್ಲ ಕಣ್ರಪ್ಪಾ. ಕತ್ತಿನೂ ಬಡಿದು ನೋಡಾಕೆ ಬಿಡಿ."

ಇಂಥ ದೂರುಗಳು ಬಹಳ ಹೋಗಿದ್ದವೋ ಏನೋ, ತಿಂಗಳೊಳಗೆ ಹೊಸ ನಿಯಮ ಬಂತು: ಕೊಳ್ಳುವ ಮುಂಚೆ ಮೂರು ಏಟು ಪುಕ್ಕಟೆ. ಹಿಗ್ಗಿಹೋದ ತೀರ್ಥಮ್ಮ ತನ್ನದೊಂದು ಗುರಾಣಿಯನ್ನು ಮಾರಾಟಕ್ಕಿಟ್ಟಳು. ಸಂಜೆಯೊಳಗೆ ನಲವತ್ತು ವೀರರು ಬಂದು, ಮೂರು ಮೂರು ಏಟು ಬಾರಿಸಿ, ಕೊಳ್ಳದೆ ಹೋದರು. ತಡೆಯಲಾರದೆ ಆಕೆ ಸಂತೆಗೆಲ್ಲ ಕಾಣುವಂತೆ ಬರೆದಳು: "ತಗಳಂಗಿದ್ರೆ ಮುಟ್ರಿ, ಇಲ್ದಿದ್ರೆ ಬಸ್ ನೋಡ್ಕಳ್ರಿ!"

ನಲವತ್ತೊಂದನೆಯವನು, ಕೊಂಬಿನ ಕಿರೀಟದ ದೈತ್ಯ, ಎತ್ತಿದ ಗದೆ ಇಳಿಸಿ ಉತ್ತರ ಬರೆದ:

"ಅಯ್ಯೋ, ಕಾಯಿ ತೀರ್ಥಕ್ಕ ಅಲ್ವಾ ನೀವು?"