ಪೇಟೆಯಿಂದ ತಂದ ಹುಲಿ

ನಮ್ಮ ಮನೆಗೆ ಹೆಬ್ಬೆರಳಿನಷ್ಟು ಗಾತ್ರದ ಎಂಪಿತ್ರೀ ಪ್ಲೇಯರ್ ಬಂದದ್ದು ಹಾಡು ಕೇಳುವುದಕ್ಕಲ್ಲ, ಆನೆ ಓಡಿಸುವುದಕ್ಕೆ.

ತೋಟದ ಕೆಳಗೆ ಹಳ್ಳದ ಪಕ್ಕ ನಮ್ಮದೊಂದು ತುಂಡು ಗದ್ದೆ. ಮನೆಯ ಊಟಕ್ಕೆ ಅದರ ಭತ್ತವೇ ಆಗಬೇಕು. ದೀಪಾವಳಿ ಕಳೆದು ತೆನೆ ಹಾಲು ಕಟ್ಟಿತೆಂದರೆ ಹೆಗ್ಗದ್ದೆ ಕಡೆಯ ಕಾಡಿನಿಂದ ಆನೆಗಳು ಇಳಿಯುತ್ತಿದ್ದವು. ನಮ್ಮ ಯಜಮಾನರು ಸಂಜೆಯ ಕಾಫಿ ಕುಡಿದು, ಟಾರ್ಚು, ಪಟಾಕಿ, ಬಡಿಯಲು ಒಂದು ಖಾಲಿ ಡಬ್ಬ ಹಿಡಿದು ಗದ್ದೆ ಕಾಯಲು ಹೊರಡುತ್ತಿದ್ದರು. ಅವರು ವಾಪಸು ಬಂದು ಅಂಗಳದಲ್ಲಿ ಕಾಲು ತೊಳೆಯುವ ಸದ್ದು ಕೇಳುವವರೆಗೆ ನಾನು ಊಟಕ್ಕೆ ಕೂರುತ್ತಿರಲಿಲ್ಲ. ಹಿಂದಿನ ವರ್ಷ ಹಳ್ಳದಾಚೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಆನೆ ಹಾದಿಯಲ್ಲೇ ತುಳಿದಿತ್ತು. ಅವರ ಒಂದು ಚಪ್ಪಲಿಯನ್ನು ಯಾರೋ ಬೇಲಿಗೂಟದ ಮೇಲೆ ಎತ್ತಿಟ್ಟಿದ್ದರು. ಮಳೆ ಮುಗಿಯುವವರೆಗೂ ಅದು ಅಲ್ಲೇ ಇತ್ತು.

ಹುಲಿಯ ವಿಚಾರವನ್ನು ಯಜಮಾನರು ಹಾನುಬಾಳಿನ ಅಂಗಡಿಕಟ್ಟೆಯಿಂದ ಹೊತ್ತು ತಂದರು.

"ಹುಲಿ ಸದ್ದು ಕೇಳಿದ್ರೆ ಮರಿ ಇರೋ ಹಿಂಡು ನಿಲ್ಲೋದೇ ಇಲ್ವಂತೆ ಕಣೇ. ಈಗ ಕಂಪ್ಯೂಟರಲ್ಲಿ ಎಲ್ಲಾ ಸದ್ದೂ ಸಿಗ್ತೈತಂತೆ. ಹಾಕಿ ಬಂದ್ಬುಟ್ರೆ ಮುಗೀತು, ನಾನಲ್ಲಿ ಕೂರೋದೇ ಬೇಡ."

ಆ ಕೊನೆಯ ಮಾತಿಗೆ ನಾನು ಒಪ್ಪಿಬಿಟ್ಟೆ.

ಸಕಲೇಶಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಬ್ರೌಸಿಂಗ್ ಸೆಂಟರ್. ಪ್ಲೇಯರ್ ಮಾರುತ್ತಿದ್ದವನೂ ಅದಕ್ಕೆ ಹಾಡು ತುಂಬಿಸಿಕೊಡುತ್ತಿದ್ದವನೂ ಅಲ್ಲಿನ ಮಾಲೀಕನೇ. ನಾನೂ ಜೊತೆಗೆ ಹೋಗಿದ್ದೆ.

"ಯಾವ ಸಾಂಗ್ ಹಾಕ್ಲಿ ಅಣ್ಣ? ಹಳೇದಾ, ಹೊಸದಾ?"

"ಸಾಂಗ್ ಬೇಡ ಮಾರಾಯ, ಹುಲಿ ಹಾಕು. ನಿಜವಾದ್ದು, ಗರ್ಜನೆ ಮಾಡೋದು."

ಕಂಪ್ಯೂಟರುಗಳ ಮುಂದೆ ಕೂತಿದ್ದವರೆಲ್ಲ ತಿರುಗಿ ನೋಡಿ ನಕ್ಕರು. ಮಾಲೀಕ ಹುಡುಕಿದ. ಬಿಟ್ಟಿಯಾಗಿ ಸಿಕ್ಕಿದ್ದು ಒಂದು ಕೆಮ್ಮಿನಷ್ಟಿತ್ತು. ಇನ್ನೊಂದರಲ್ಲಿ ಹುಲಿಯ ಜೊತೆಗೆ ಯಾರೋ ಇಂಗ್ಲಿಷಿನಲ್ಲಿ ಪಾಠ ಹೇಳುತ್ತಿದ್ದರು.

"ಇಂಗ್ಲಿಷ್ ಮಾತಾಡೋ ಹುಲಿಗೆ ನಮ್ಮ ಆನೆ ಹೆದರ್ತಾವಾ?" ಎಂದರು ಯಜಮಾನರು.

ಪೂರ್ತಿ ಸದ್ದು ಬೇಕಾದರೆ ಇಂಟರ್ನೆಟ್ಟಿನಲ್ಲೇ ಬ್ಯಾಂಕಿನ ಕಾರ್ಡಿನಿಂದ ದುಡ್ಡು ಕಟ್ಟಿ ಕೊಳ್ಳಬೇಕಂತೆ. ಮಾಲೀಕ ಬೆಂಗಳೂರಿನ ತನ್ನ ಭಾವನಿಗೆ ಫೋನು ಮಾಡಿ, ಅವನ ಕಾರ್ಡಿನ ನಂಬರು ಕೇಳಿ, ಅದರಲ್ಲಿ ಸದ್ದು ಕೊಂಡ. ಪರದೆಯ ಮೇಲೆ ಒಂದು ನೀಲಿ ಗೆರೆ ಹುಳದ ಹಾಗೆ ತೆವಳಿತು. ಮುಕ್ಕಾಲು ಮುಗಿಯುವಾಗ ಕರೆಂಟು ಹೋಯಿತು. ಕರೆಂಟು ಬಂದ ಮೇಲೆ ಗೆರೆ ಮತ್ತೆ ಮೊದಲಿನಿಂದ ಶುರು. ಅಷ್ಟರಲ್ಲಿ ನಾನು ತರಕಾರಿ ತಂದು, ಹರಿದ ಚೀಲಕ್ಕೆ ಹೊಲಿಗೆ ಹಾಕಿಸಿಕೊಂಡು ಬಂದಿದ್ದೆ.

ಕೊನೆಗೆ ಅವನು ಸ್ಪೀಕರಿಗೆ ಕೊಟ್ಟು ಕೇಳಿಸಿದ. ಮೆಟ್ಟಿಲ ಮೇಲೆ ಮಲಗಿದ್ದ ಬೀದಿನಾಯಿ ಎದ್ದು, ಬಾಲ ಮುದುರಿಕೊಂಡು ರಸ್ತೆ ದಾಟಿ ಹೋಯಿತು. ನಾನದನ್ನು ನೋಡಿದೆ, ಅದರ ಅರ್ಥ ಮಾತ್ರ ಹೊಳೆಯಲಿಲ್ಲ. ಉಳಿದ ಜಾಗಕ್ಕೆ ಇರಲಿ ಎಂದು ಮಾಲೀಕ ನನಗಾಗಿ ಒಂದಷ್ಟು ಹಳೆಯ ಸಿನಿಮಾ ಹಾಡು ತುಂಬಿಸಿದ.

ಮೈಕ್‌ಸೆಟ್ಟಿನವರ ಹತ್ತಿರ ಒಂದು ಹಳೆಯ ಹಾರನ್ ಸ್ಪೀಕರೂ ಪುಟ್ಟ ಆಂಪ್ಲಿಫೈಯರೂ ಸಿಕ್ಕಿದವು. ಜೀಪಿನ ಬ್ಯಾಟರಿಗೆ ಸೇರಿಸಿ ಗದ್ದೆಯ ಬದುವಿನ ಮೇಲೆ ನಿಲ್ಲಿಸಿದೆವು. ಮೊದಲ ಸಂಜೆ ಹುಲಿಯ ಗರ್ಜನೆ ಮುಗಿದದ್ದೇ ಒಂದು ಪ್ರೇಮಗೀತೆ ಶುರುವಾಗಿ ಕಣಿವೆಗೆಲ್ಲ ಕೇಳಿತು. ಒಂದನ್ನೇ ಮತ್ತೆ ಮತ್ತೆ ನುಡಿಸುವ ಗುಂಡಿ ನಮಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಬಂದ ಹೆಂಗಸು ಬುಟ್ಟಿ ಇಳಿಸುವ ಮೊದಲೇ ಶುರು ಮಾಡಿದಳು.

"ಅವ್ವಾ, ನಿಮ್ಮನೆ ಹುಲಿಗೆ ಮದುವೆ ವಯಸ್ಸಾಗೈತೆ ಕಣವ್ವಾ. ಗರ್ಜನೆ ಬುಟ್ಟು ಹಾಡು ಹೇಳ್ತೈತೆ!"

ಆಮೇಲೆ ಆ ಗುಂಡಿಯೂ ಗೊತ್ತಾಯಿತು. ಆನೆಗಳು ಬರುವುದು ನಿಂತಿತು. ಯಜಮಾನರು ಹೊತ್ತು ಮುಳುಗುವ ಮುಂಚೆ ಹೋಗಿ ಹುಲಿ ಹಚ್ಚಿ ಬಂದು ಒಲೆಯ ಮುಂದೆ ಕೂರತೊಡಗಿದರು. ಎಷ್ಟೋ ದಿನಗಳ ಮೇಲೆ ನಾನು ಅವರ ಜೊತೆ ಕೂತು ಬಿಸಿಬಿಸಿ ಉಂಡೆ.

ಕೆಟ್ಟದ್ದು ಮೊದಲು ಕೊಟ್ಟಿಗೆಯಲ್ಲಿ ಕಂಡಿತು. ಹಸು ಹಾಲು ಬಿಗಿಹಿಡಿಯಿತು. ಎಷ್ಟು ನೀವಿದರೂ ಅದರ ಕಿವಿ ಹಳ್ಳದ ಕಡೆಗೇ. ಆಮೇಲೆ ನಾಯಿ. ನಮ್ಮ ಕಡೆ ಸಂಜೆ ಅಂಗಳ ಇಳಿಯುವ ಮುನ್ನ ಎಲ್ಲರೂ ಒಮ್ಮೆ ನಾಯಿಯನ್ನು ನೋಡಿಕೊಳ್ಳುತ್ತಾರೆ. ಹಂದಿಯಾದರೆ ಅದು ಬೊಗಳುತ್ತಾ ಮುಂದಕ್ಕೆ ನುಗ್ಗುತ್ತದೆ. ಆನೆಯಾದರೆ ಗೋಡೆಗೆ ಬೆನ್ನು ಒತ್ತಿ ನಿಂತು, ಆನೆ ಇರುವ ದಿಕ್ಕಿಗೆ ಮುಖ ಮಾಡಿ ಗಂಟಲಲ್ಲೇ ಗುರುಗುಟ್ಟುತ್ತದೆ. ಆಗ ಯಾರೂ ಹೊರಡುವುದಿಲ್ಲ. ಹುಲಿ ಬಂದ ಮೇಲೆ ನಮ್ಮ ನಾಯಿ ಸಂಜೆಯಾಯಿತೆಂದರೆ ಸೌದೆ ಒಟ್ಟಿನ ಅಡಿಗೆ ಸೇರಿಕೊಳ್ಳುತ್ತಿತ್ತು. ಹಂದಿ ಬಂದು ಬಚ್ಚಲ ಹಿಂದಿನ ಕೆಸು ಕಿತ್ತು ತಿಂದು ಹೋದಾಗಲೂ ತುಟಿ ಬಿಚ್ಚಲಿಲ್ಲ.

"ನಾಯಿ ಬಾಯಿ ಕಟ್ಟೋಯ್ತಲ್ಲವ್ವಾ," ಎಂದಳು ಕೆಲಸದವಳು. ಈ ಸಲ ಅವಳು ನಗಲಿಲ್ಲ. "ಇನ್ನು ಬಂದ್ರೆ ಯಾರು ಹೇಳ್ತಾರೆ?"

ಯಜಮಾನರಿಗೆ ಹೇಳಿದೆ. "ಆನೆನೇ ಬರಲ್ವಲ್ಲೇ, ಹೇಳೋದೇನು?" ಎಂದರು.

ಒಂದು ಬೆಳಿಗ್ಗೆ ಸೊಪ್ಪು ಕೊಯ್ಯಲು ಹಳ್ಳಕ್ಕೆ ಇಳಿದಿದ್ದೆ. ಹಾರನ್ನಿನ ಹಿಂದೆ, ಬದುವಿನ ಆಚೆ, ಆನೆಯ ಲದ್ದಿ ಬಿದ್ದಿತ್ತು. ಇನ್ನೂ ಹಬೆಯಾಡುತ್ತಿತ್ತು. ಅದರ ಮುಂದೆ ಕೆಸರಿನಲ್ಲಿ ಮೊರದಗಲದ ಹೆಜ್ಜೆಗಳು, ಒಂದೇ ಕಡೆ ಆಳವಾಗಿ ಊರಿದ್ದವು. ಗದ್ದೆಯ ಒಂದು ತೆನೆಯೂ ಮುರಿದಿರಲಿಲ್ಲ. ಬಂದದ್ದು ತಿನ್ನಲಿಲ್ಲ, ಓಡಲೂ ಇಲ್ಲ. ನಿಂತು ಕೇಳಿಸಿಕೊಂಡು ಹೋಗಿತ್ತು.

ಯಜಮಾನರು ಹೆಜ್ಜೆಯನ್ನು ಗೇಣಿನಿಂದ ಅಳೆದು, "ಒಂಟಿ ಸಲಗ. ಹೆದರಿ ಹೋಗೈತೆ ಬಿಡು," ಎಂದರು.

"ಹೆದರಿದ್ದು ಇಷ್ಟೊತ್ತು ನಿಂತ್ಕೊಳ್ತದೇನ್ರೀ? ಓಡೋಗಲ್ವಾ?"

ಅವರು ಹಾರನ್ನನ್ನು ಸ್ವಲ್ಪ ಆಚೆ ನೆಟ್ಟರು, ಅಷ್ಟೆ.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಮುಸ್ಸಂಜೆ ಹಳ್ಳದಿಂದ ಮಂಜು ಏರುತ್ತಿತ್ತು. ಹುಲಿ ಎಂದಿನಂತೆ ಗರ್ಜಿಸುತ್ತಿದ್ದದ್ದು ಅರ್ಧಕ್ಕೆ ಕತ್ತರಿಸಿದಂತೆ ನಿಂತಿತು.

"ಪ್ಲೇಯರಿನ ಸೆಲ್ ಹೋಯ್ತು ಅಂತ ಕಾಣುತ್ತೆ," ಎಂದು ಯಜಮಾನರು ಹೊಸ ಪೆನ್ಸಿಲ್ ಸೆಲ್ ತೆಗೆದುಕೊಂಡು ಎದ್ದರು. ನನ್ನ ಕಣ್ಣು ರೂಢಿಯಂತೆ ನಾಯಿಯ ಕಡೆ ಹೋಯಿತು. ಸೌದೆಯ ಅಡಿಯಲ್ಲಿ ಎರಡು ಕಣ್ಣು ಬಿಟ್ಟರೆ ಏನೂ ಇರಲಿಲ್ಲ.

"ನಾಳೆ ಹಾಕಿದ್ರಾಯ್ತು, ಹೋಗ್ಬೇಡಿ."

"ಈಗ ಬಂದೆ ಕಣೇ, ಹಾಲು ಉಕ್ಕೋದ್ರೊಳಗೆ ಬತ್ತೀನಿ."

ಹಾಲು ಉಕ್ಕಿತು, ಇಳಿಸಿಟ್ಟೆ. ಆಗ ಕೆಳಗಿನಿಂದ ತಗಡು ಅಮುಕಿದಂತೆ ಒಂದು ಸದ್ದು, ನಿಧಾನವಾಗಿ. ಆಮೇಲೆ ಜೀರುಂಡೆಯೂ ಇಲ್ಲ. ಅಂಗಳದ ಅಂಚಿಗೆ ಓಡಿ "ಕೂ" ಎಂದೆ. ತೋಟದಲ್ಲಿ ಇರುವವರು ಅದಕ್ಕೆ "ಕೂ" ಎನ್ನಲೇಬೇಕು. ಮದುವೆಯಾದಾಗಿನಿಂದ ಅವರು ಒಮ್ಮೆಯೂ ಮರುದನಿ ಕೊಡದೆ ಇದ್ದವರಲ್ಲ. ಮತ್ತೆ ಕೂಗಿದೆ. ಮಂಜು ಮಾತ್ರ ಗಿಡಗಳ ನಡುವೆ ಸರಿಯಿತು.

ಎಷ್ಟು ಹೊತ್ತು ನಿಂತಿದ್ದೆನೋ. ಅವರು ಹಾದಿ ಬಿಟ್ಟು ಕಾಫಿ ಗಿಡಗಳ ಸಂದಿಯಿಂದ ಬಂದರು. ಮೈಯೆಲ್ಲ ಕೆಸರು, ತೋಳು ಗೀರಿ ರಕ್ತ. ಹೊಸ ಸೆಲ್ ಇನ್ನೂ ಮುಷ್ಟಿಯಲ್ಲೇ ಇತ್ತು. ನನ್ನನ್ನು ಒಳಗೆ ದಬ್ಬಿ ಅಗುಳಿ ಹಾಕಿದರು.

"ಹಾರನ್ ಕಿತ್ತಾಕಿ ಅದ್ರ ಮೇಲೆ ಕಾಲಿಟ್ಕೊಂಡು ನಿಂತಿತ್ತು ಕಣೇ. ಮಂಜಲ್ಲಿ ಕಾಣ್ಲಿಲ್ಲ. ಅದರ ಹೊಟ್ಟೆ ಗುಡುಗುಡು ಅನ್ನೋದು ಕೇಳಿದ ಮೇಲೇ ಗೊತ್ತಾಗಿದ್ದು. ಕಪ್ಪಿಗೆ ಉರುಳ್ಕೊಂಡೆ."

ಕಪ್ಪು ಎಂದರೆ ತೋಟದ ನೀರು ಬಸಿಯುವ ಚರಂಡಿ.

"ನಾನು ಕೂಗಿದ್ದು ಕೇಳ್ಲಿಲ್ವಾ?"

"ಕೇಳ್ತು. ನಾನು ಹೆಂಗೆ ಓ ಅನ್ಲಿ? ನೀನು ಕೂಗಿದ್ದಕ್ಕೆ ಅದು ಈ ಕಡೆ ತಿರುಗ್ತು. ಅದು ತಿರುಗಿದ್ದಕ್ಕೇ ನಾನು ಎದ್ದು ಬಂದಿದ್ದು."

ಒಲೆಯ ಬೆಂಕಿ ಆರಿಸಿದೆವು. ಹೊರಗೆ ಯಾವ ಸದ್ದೂ ಇರಲಿಲ್ಲ. ಸದ್ದಿಲ್ಲ ಎಂದರೆ ಏನೂ ಇಲ್ಲ ಎಂದು ನಂಬುವ ಹಾಗಿರಲಿಲ್ಲ.

ಬೆಳಕು ಹರಿದ ಮೇಲೆ ಬಾಗಿಲು ತೆಗೆದೆವು. ನಾನು ನಿಂತು ಕೂಗಿದ್ದ ಜಾಗದಲ್ಲೇ ಮೊರದಗಲದ ಹೆಜ್ಜೆ, ಮನೆಯ ಕಡೆಗೆ ಮುಖ. ಕೆಲಸದವಳು ಬಂದಾಗ ಯಜಮಾನರು, "ನಿಮ್ಮ ಲೈನ್ ಮನೆಗಳಲ್ಲಿ ಎಷ್ಟು ಜನ ಇದೀರೋ ಎಲ್ಲಾ ಬನ್ನಿ. ಗದ್ದೆ ಇವತ್ತೇ ಕುಯ್ಬೇಕು," ಎಂದರು.

"ಇನ್ನೂ ಹಸಿರೈತಲ್ಲಪ್ಪಾ!"

"ಇರ್ಲಿ. ಬಿಸಿಲಿರೋವಾಗ್ಲೇ ಮುಗಿಸ್ಬುಡಿ."

ಪ್ಲೇಯರನ್ನು ಕೆಸರಿನಲ್ಲಿ ಹುಡುಕಲು ಯಾರೂ ನಿಲ್ಲಲಿಲ್ಲ. ಆ ಭತ್ತ ಮಿಲ್ಲಿನಲ್ಲಿ ಮುಕ್ಕಾಲು ನುಚ್ಚಾಯಿತು, ಬೇಸಗೆಯವರೆಗೂ ಗಂಜಿ ಕಾಯಿಸಿದೆ. ಮುಂದಿನ ಮಳೆಗಾಲಕ್ಕೆ ಗದ್ದೆ ಉಳುವ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಬಾಳ್ಳುಪೇಟೆಯಿಂದ ಅಕ್ಕಿ ಮೂಟೆ ತರಿಸಿದೆವು.